ಹದಿನೇಳು ವರ್ಷ ಹಳೆಯ ಒಮ್ಮತ

ಪಕ್ಷದ ಕೇಂದ್ರ ಕಚೇರಿಯ ಮಾನ್ಯ ಪ್ರಧಾನ ಕಾರ್ಯದರ್ಶಿಗಳೇ,

ನಮ್ಮ ಪಕ್ಷದ ಹೊಸ ಅಧ್ಯಕ್ಷರ ಆಯ್ಕೆಯನ್ನು ನಮ್ಮ ಶಾಖೆಯ ನಲವತ್ತೊಂದು ಸದಸ್ಯರು ಕೈ ಎತ್ತಿ ಒಮ್ಮತದಿಂದ ಅನುಮೋದಿಸಿದರೆಂದು ಕಳೆದ ತಿಂಗಳ ಪಕ್ಷದ ಪತ್ರಿಕೆಯ ಮುಖಪುಟದಲ್ಲಿ ಚಿತ್ರಸಹಿತ ಅಚ್ಚಾಗಿದೆ. ಚಿತ್ರ ಚೆನ್ನಾಗಿದೆ; ತೆಗೆದವನು ನಾನೇ. ಆದರೆ ಆ ನಲವತ್ತೊಂದು ಜನರಲ್ಲಿ ಆರು ಮಂದಿ ತೀರಿಕೊಂಡಿದ್ದಾರೆ. ನಾಲ್ವರು ಊರು ಬಿಟ್ಟಿದ್ದಾರೆ. ಇಬ್ಬರು ಎದುರು ಪಕ್ಷ ಸೇರಿದ್ದು, ಅವರಲ್ಲೊಬ್ಬರು ಈಗ ಆ ಪಕ್ಷದ ನಗರ ಘಟಕದ ಅಧ್ಯಕ್ಷರು. ಸತ್ತ ಮೇಲೂ ಪಕ್ಷದ ಶಿಸ್ತಿಗೆ ತಲೆಬಾಗಿ ಕೈ ಎತ್ತಿದವರ ನಿಷ್ಠೆಯನ್ನು ಮೆಚ್ಚಬೇಕಾದ್ದೇ. ಎದುರು ಪಕ್ಷದ ಅಧ್ಯಕ್ಷರೂ ನಮ್ಮ ಅಧ್ಯಕ್ಷರಿಗೆ ಒಪ್ಪಿಗೆ ಕೊಟ್ಟಿದ್ದಾರೆಂದ ಮೇಲೆ ಇಂಥ ಒಮ್ಮತ ಬೇರೆ ಯಾವ ಪಕ್ಷಕ್ಕೆ ಸಿಕ್ಕೀತು? ಇನ್ನು ಮುಂದಿನ ಸಾಲಿನ ನಟ್ಟನಡುವೆ ಕೈ ಎತ್ತಿ ಕೂತಿರುವ ಹೆಂಗಸು ನನ್ನ ಅಕ್ಕ. ಅವಳು ಬದುಕಿದ್ದಾಳೆ, ಇದೇ ಊರಿನಲ್ಲಿದ್ದಾಳೆ, ಇದೇ ಪಕ್ಷದಲ್ಲಿದ್ದಾಳೆ. ತೊಂದರೆ ಬಂದಿರುವುದು ಅಲ್ಲಿಯೇ.

ಆ ಚಿತ್ರ ಹದಿನೇಳು ವರ್ಷ ಹಳೆಯದು. ಈಗಿನವರಿಗಿಂತ ಮೂವರು ಅಧ್ಯಕ್ಷರ ಹಿಂದೆ ಇದ್ದವರನ್ನು ತಾವು ಆರಿಸಿ ಕಳಿಸಿದಾಗ ತೆಗೆದದ್ದು. ಕಳೆದ ತಿಂಗಳು ನಮ್ಮ ಶಾಖೆಯಲ್ಲಿ ಸಭೆಯೇ ನಡೆದಿಲ್ಲ. ನಡೆಯುವುದಕ್ಕೆ ತಾವು ಸಮಯವನ್ನೂ ಕೊಡಲಿಲ್ಲ. ತಮ್ಮ ಸುತ್ತೋಲೆ ಬುಧವಾರ ಬಂತು. ಹೊಸ ಅಧ್ಯಕ್ಷರ ಹೆಸರನ್ನು ಭಾನುವಾರ ಸಂಜೆ ಪ್ರಕಟಿಸಲಾಗುವುದೆಂದೂ, ಶಾಖೆಯ ಸದಸ್ಯರು ಆ ಹೆಸರನ್ನು ಕೈ ಎತ್ತಿ ಅನುಮೋದಿಸುತ್ತಿರುವ ಸ್ಪಷ್ಟವಾದ ಚಿತ್ರವನ್ನು ಶುಕ್ರವಾರದೊಳಗೆ ಕಳಿಸತಕ್ಕದ್ದೆಂದೂ ಅದರಲ್ಲಿತ್ತು. ನಾನು ಎರಡು ಸಲ ಓದಿದೆ. ಭಾನುವಾರ ತಿಳಿಯುವ ಹೆಸರಿಗೆ ಶುಕ್ರವಾರವೇ ಕೈ ಎತ್ತಬೇಕು. ಮದುವೆಯ ಆಲ್ಬಮ್ ಮಾಡುವವನು ನಾನು. ಗಂಡು ಯಾರೆಂದು ಗೊತ್ತಾಗುವ ಮೊದಲೇ ಆಲ್ಬಮ್ ತಯಾರಿಸಿ ಕೊಡಿ ಎಂದು ಇದುವರೆಗೆ ಯಾವ ಹೆಣ್ಣಿನ ತಂದೆಯೂ ಕೇಳಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಒಂದು ಎತ್ತರದ ಸ್ಟೂಲು, ಬೂದು ಬಣ್ಣದ ಪರದೆ, ಎರಡು ದೀಪ, ಕನ್ನಡಿಯ ಪಕ್ಕ ದಾರದಲ್ಲಿ ಕಟ್ಟಿದ ಬಾಚಣಿಗೆ, ಯಾರಿಗೂ ಸರಿಯಾಗಿ ಹೊಂದದ ಆದರೆ ಎಲ್ಲರೂ ಹಾಕಿಕೊಳ್ಳುವ ಒಂದು ಕೋಟು. ಶಾಖೆಯ ಸದಸ್ಯತ್ವದ ಕಾರ್ಡಿಗೆ ಫೋಟೊ ತೆಗೆಯುವವನು ಇಪ್ಪತ್ತೆರಡು ವರ್ಷದಿಂದ ನಾನೇ. ನಮ್ಮಲ್ಲಿ ನಾನೂರ ಹನ್ನೆರಡು ಸದಸ್ಯರಿದ್ದಾರೆ. ಪ್ರತಿಯೊಬ್ಬರ ಯಾವ ಕಿವಿ ದೊಡ್ಡದು, ಯಾರು ರೆಪ್ಪೆ ಮಿಟುಕಿಸದೆ ಕೂರಲಾರರು, ಎಲ್ಲ ನನಗೆ ಗೊತ್ತು. ಹಳೆಯ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬಗಳಲ್ಲಿ ವರ್ಷ ಬರೆದು ಇಟ್ಟಿದ್ದೇನೆ.

ಸುತ್ತೋಲೆ ಹಿಡಿದುಕೊಂಡು ಗುರುವಾರ ಬೆಳಿಗ್ಗೆ ಬಂದವರು ನಮ್ಮ ಶಾಖೆಯ ಕಾರ್ಯದರ್ಶಿಗಳು. ನೀರಿನ ಪಂಪು ರಿಪೇರಿ ಮಾಡುತ್ತಾರೆ, ಒಳ್ಳೆಯ ಮನುಷ್ಯ. ಏನು ಹೇಳಿದರೂ ‘ಆಯ್ತು ಬಿಡಿ’ ಎನ್ನುವುದರಿಂದ ಬೀದಿಯವರೆಲ್ಲ ಅವರನ್ನು ಆಯ್ತುಬಿಡಿ ಎಂದೇ ಕರೆಯುತ್ತಾರೆ. ಒಳಗೆ ಸ್ಟೂಲಿನ ಮೇಲೆ ಪಾಸ್‌ಪೋರ್ಟ್ ಫೋಟೊಗಾಗಿ ಒಂದು ಮಗು ಕಿರುಚಾಡುತ್ತಿತ್ತು, ಅದರ ತಾಯಿ ಗಿಲಕಿ ಆಡಿಸುತ್ತಿದ್ದಳು.

“ಸಭೆ ಕರೆಯೋಕೆ ಟೈಮಿಲ್ಲ. ಹಳೇದು ಯಾವ್ದಾದ್ರೂ ಒಂದು ಇದ್ರೆ ಕೊಟ್ಬಿಡಿ,” ಅಂದರು.

“ಹಳೇದ್ರಲ್ಲಿ ಸತ್ತವರೆಲ್ಲ ಇದ್ದಾರಲ್ರೀ.”

“ಆಯ್ತು ಬಿಡಿ, ಅವರೇನು ಬಂದು ಕೇಳ್ತಾರಾ? ಮೇಲಿನವರಿಗೆ ಕೈ ಕಂಡ್ರೆ ಸಾಕು. ಮುಖ ಯಾರು ನೋಡ್ತಾರೆ?”

ಡಬ್ಬ ತೆಗೆದೆ, ಒಂದು ಚಿತ್ರ ಕೊಟ್ಟೆ, ಮಗುವಿನ ಹತ್ತಿರ ವಾಪಸು ಹೋದೆ. ಅದರಲ್ಲಿ ಅಕ್ಕ ಇದ್ದದ್ದು ನನಗೆ ಕಾಣಲಿಲ್ಲವೆಂದರೆ ಸುಳ್ಳಾದೀತು. ಮುಂದಿನ ಸಾಲಿನ ನಡುವೆ ಕೂತವಳು ಕಾಣದಿರುವುದು ಹೇಗೆ? ಕಂಡಳು. ಹೋಗಲಿ, ಯಾವುದೋ ಕಪಾಟಿನಲ್ಲಿ ಬಿದ್ದಿರುತ್ತದೆ ಅಂದುಕೊಂಡೆ. ನಾನೂರು ಶಾಖೆಗಳ ಚಿತ್ರಗಳಲ್ಲಿ ತಾವು ನಮ್ಮದನ್ನೇ ಮುಖಪುಟಕ್ಕೆ ಹಾಕುತ್ತೀರೆಂದು ಕನಸು ಬಿದ್ದಿತ್ತೇ? ಬೆಳಕು ಚೆನ್ನಾಗಿ ಬಿದ್ದಿದ್ದೇ ತಪ್ಪಾಯಿತು.

ಈಗ ಅಕ್ಕನ ವಿಷಯ. ಅವಳು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಹಾಸಿಗೆಯ ಬಟ್ಟೆ, ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ದಿನಕ್ಕೆ ಸಾವಿರಗಟ್ಟಲೆ. ಕುದಿಯುವ ನೀರಿನ ಹಬೆಯಲ್ಲಿ ನಿಂತು ಮಾಡುವ ಕೆಲಸ. ಅಲ್ಲಿ ಪ್ರತಿ ಪಾಳಿಗೊಬ್ಬಳು ಮುಖ್ಯಸ್ಥೆ. ಅವಳನ್ನು ಆರಿಸುತ್ತಿದ್ದದ್ದು ಮೇಲಿನ ಅಧಿಕಾರಿಯಲ್ಲ, ಒಗೆಯುವವರೇ. ವರ್ಷಕ್ಕೊಮ್ಮೆ, ಪಾಳಿ ಬದಲಾಗುವ ಹೊತ್ತಿಗೆ, ಆಗಷ್ಟೇ ಇಸ್ತ್ರಿಯಾದ ಒಂದು ದಿಂಬಿನ ಕವರನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಿದ್ದರು. ಹೋಗುವವರು ಬರುವವರು ಅದರೊಳಗೆ ಚೀಟಿ ಹಾಕುತ್ತಿದ್ದರು. ಓದುಬರಹ ಬಾರದವರು ತಮಗೆ ಬೇಕಾದವಳ ಮೇಜಿನ ಸಂಖ್ಯೆಯಷ್ಟು ಗೆರೆ ಎಳೆಯುತ್ತಿದ್ದರು. ಆಮೇಲೆ ಎಲ್ಲರೆದುರಿಗೆ ಕವರನ್ನು ಮಗುಚಿ ಎಣಿಸುವುದು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಮುಂದಿನ ಗಾಡಿಯ ಬಟ್ಟೆ ಬಂದಿರುತ್ತಿತ್ತು. ಅಕ್ಕ ಐದು ಸಲ ಗೆದ್ದಳು, ಎರಡು ಸಲ ಸೋತಳು. ಸೋತ ವರ್ಷಗಳಲ್ಲಿ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳೇ ಹೊರತು, ಕೆಲಸಕ್ಕೆ ಒಂದು ದಿನವೂ ತಪ್ಪಿಸಲಿಲ್ಲ.

ಅವಳನ್ನು ನಂಬಿ ನಾನು ಪಕ್ಷ ಸೇರಿದವನು. ಅವಳಿಗೆ ಪಕ್ಷದ ಮೇಲೆ ಇದ್ದ ನಂಬಿಕೆ ಅಷ್ಟಿಷ್ಟಲ್ಲ. ಚುನಾವಣೆ ಬಂದರೆ ರಜೆ ಹಾಕಿ ಮನೆಮನೆ ಹತ್ತುತ್ತಿದ್ದಳು. ಮಂಡಿ ಸವೆದದ್ದು ಅರ್ಧ ಆಸ್ಪತ್ರೆಯ ಸಿಮೆಂಟು ನೆಲದಿಂದ, ಅರ್ಧ ಪಕ್ಷದ ಮೆಟ್ಟಿಲುಗಳಿಂದ ಎಂದು ಅವಳೇ ಹೇಳುತ್ತಾಳೆ. ಆದರೆ ಒಂದು ವಿಷಯ ಮಾತ್ರ ಮೊದಲಿನಿಂದಲೂ ಅವಳ ಗಂಟಲಲ್ಲಿ ಇಳಿಯಲಿಲ್ಲ. ಅಧ್ಯಕ್ಷರನ್ನು ಹನ್ನೊಂದು ಮಂದಿ ಹಿರಿಯರು ಒಳಕೋಣೆಯಲ್ಲಿ ಕೂತು ಆರಿಸುವುದು, ಆ ಹೆಸರು ಲಕೋಟೆಯಲ್ಲಿ ಶಾಖೆಗೆ ಬರುವುದು, ನಾವು ಅದನ್ನು ‘ಹರ್ಷದಿಂದ ಸ್ವಾಗತಿಸುವುದು’. ಹದಿನೇಳು ವರ್ಷದ ಹಿಂದಿನ ಆ ಸಭೆಯಲ್ಲಿ ಅವಳು ಎದ್ದು ನಿಂತು, “ಹೆಸರು ಅಲ್ಲೇ ತೀರ್ಮಾನ ಆಗಿ ಬಂದಿದೆ ಅಂದ್ಮೇಲೆ ನನ್ನ ಕೈ ಯಾಕೆ ಬೇಕು? ಬೇಕು ಅಂದ್ರೆ ಮೊದಲೇ ಕೇಳಿ,” ಎಂದು ಹೇಳಿ ಕೂತುಬಿಟ್ಟಳು. ನಲವತ್ತು ಕೈ ಮೇಲೆ ಹೋದವು. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೇರವಾಗಿ ಕ್ಯಾಮೆರಾ ನೋಡುತ್ತಿದ್ದಳು.

ನಾನು ಒಂದು ಚಿತ್ರ ತೆಗೆದೆ. ಆಮೇಲೆ ನನ್ನೊಳಗಿನ ಫೋಟೊಗ್ರಾಫರ್ ಎಚ್ಚರಗೊಂಡ. ಮುಂದಿನ ಸಾಲಿನಲ್ಲಿ, ಅದೂ ನಟ್ಟನಡುವೆ, ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದು ಕಾಣುತ್ತಿತ್ತು.

“ಅಕ್ಕಾ, ಫೋಟೊಗೆ ಅಷ್ಟೇ. ಸ್ವಲ್ಪ ಎತ್ತು.”

“ಎತ್ತಲ್ಲ ಅಂದ್ನಲ್ಲ.”

“ಅಧ್ಯಕ್ಷರಿಗಲ್ಲ ಮಾರಾಯ್ತಿ, ನನಗೆ. ಚಿತ್ರ ಕೆಟ್ಟು ಹೋಗ್ತಿದೆ.”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಗಿನ್ನೂ ನಾನು ಸ್ಟುಡಿಯೊ ಇಟ್ಟು ಐದು ವರ್ಷ, ಊರಿನಲ್ಲಿ ಹೆಸರು ಮಾಡಬೇಕೆಂದು ಒದ್ದಾಡುತ್ತಿದ್ದ ಕಾಲ. “ನಿನಗೋಸ್ಕರ ಎತ್ತಿದ್ದೀನಿ. ಬೇಗ ತೆಗಿ,” ಅಂದಳು. ಎರಡನೆಯ ಚಿತ್ರ ತೆಗೆದೆ. ತಾವು ಮುಖಪುಟಕ್ಕೆ ಹಾಕಿರುವುದು ಅದನ್ನೇ. ತಮ್ಮನ ಅಂಗಡಿ ನಡೆಯಲಿ ಎಂದು ಎತ್ತಿದ ಕೈಯನ್ನು ತಾವು ಹದಿನೇಳು ವರ್ಷ ಬಿಟ್ಟು ಹೊಸ ಅಧ್ಯಕ್ಷರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರಿ.

ಅದರಿಂದ ಏನಾಯಿತು ಎಂದು ಕೇಳುವಿರಾ? ಕೇಳಿ. ಈ ವರ್ಷದ ಆರಂಭದಿಂದ ಅಕ್ಕ ಒಂದು ಮನವಿ ಹಿಡಿದು ಬೀದಿಬೀದಿ ತಿರುಗುತ್ತಿದ್ದಾಳೆ. ಪಕ್ಷದ ಅಧ್ಯಕ್ಷರ ಆಯ್ಕೆಯಲ್ಲಿ ಕಾರ್ಡು ಇರುವ ಪ್ರತಿ ಸದಸ್ಯರಿಗೂ ಒಂದು ಮತ ಕೊಡಬೇಕು, ಅಷ್ಟೇ ಮನವಿ. ಶಾಖೆಯ ಅರ್ಧಕ್ಕಿಂತ ಹೆಚ್ಚು ಸದಸ್ಯರು ಸಹಿ ಮಾಡಿದರೆ ಅದನ್ನು ಮಹಾಧಿವೇಶನದಲ್ಲಿ ಚರ್ಚೆಗೆ ತೆಗೆದುಕೊಳ್ಳಲೇಬೇಕೆಂದು ನಮ್ಮ ನಿಯಮಾವಳಿಯ ಒಂದು ಮೂಲೆಯಲ್ಲಿದೆ. ಯಾವ ಪುಣ್ಯಾತ್ಮರು ಬರೆದರೋ, ಬಹುಶಃ ಯಾರೂ ಓದಲಾರರೆಂಬ ಧೈರ್ಯದಿಂದ. ಅಕ್ಕ ಓದಿದಳು. ಇನ್ನೂರ ಏಳು ಸಹಿ ಬೇಕಿತ್ತು, ಇನ್ನೂರ ಮೂವತ್ತೊಂದು ಸಂಗ್ರಹಿಸಿದಳು. ಅಷ್ಟರಲ್ಲಿ ತಮ್ಮ ಪತ್ರಿಕೆ ಬಂತು.

ಮೊದಲು ಬಂದವನು ಇಸ್ತ್ರಿ ಅಂಗಡಿಯವನು. ಪತ್ರಿಕೆಯನ್ನು ಅಕ್ಕನ ಮುಂದೆ ಹಿಡಿದು, “ನಮಗೆಲ್ಲ ಮತ ಬೇಕು ಅಂತ ಹೇಳಿ ಸಹಿ ಹಾಕಿಸ್ಕೊಂಡ್ರಿ. ನೀವು ನೋಡಿದ್ರೆ ಅಲ್ಲಿ ಹೋಗಿ ಕೈ ಎತ್ತಿ ಬಂದಿದ್ದೀರಿ. ನನ್ನ ಹೆಸರು ಹೊಡೆದು ಹಾಕ್ಬಿಡಿ ಅಕ್ಕಾ,” ಅಂದ. ಇದು ಹಳೆಯ ಚಿತ್ರವಪ್ಪಾ ಎಂದು ಇವಳು ಹೇಳಿದರೆ, “ಹಂಗಾದ್ರೆ ಆವಾಗ್ಲೂ ಎತ್ತಿದ್ರಿ ಅಂತಾಯ್ತು,” ಅಂದನಂತೆ. ವಾರದಲ್ಲಿ ಮೂವತ್ತೆಂಟು ಜನ ಹೆಸರು ಹೊಡೆಸಿದರು. ಉಳಿದದ್ದು ನೂರ ತೊಂಬತ್ತಮೂರು. ಮೂವತ್ತು ವರ್ಷ ಇಡೀ ಊರಿನ ರೋಗಿಗಳ ಬಟ್ಟೆಯ ಕಲೆ ತೆಗೆದವಳಿಗೆ ತನ್ನ ಹೆಸರಿಗೆ ಅಂಟಿದ ಕಲೆಯನ್ನು ತೆಗೆಯುವ ಸೋಪು ಗೊತ್ತಿರಲಿಲ್ಲ.

ನನ್ನ ಅಂಗಡಿಗೂ ಬಂದಳು. ಪತ್ರಿಕೆಯನ್ನು ಗಾಜಿನ ಕೌಂಟರಿನ ಮೇಲೆ ಹರಡಿದಳು.

“ಇದು ಯಾರು?”

“ನೀನೇ.”

“ಕೈ ಎತ್ತಿದ್ದು ಹೌದಾ?”

“ಹೌದು.”

“ಯಾಕೆ ಎತ್ತಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನೀನು. ನೀನೇ ತೆಗೆದುಕೊಟ್ಯಾ?”

ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಆಮೇಲೆ ಇಪ್ಪತ್ತಮೂರು ದಿನ ಕಳೆದರೂ ಅವಳು ನನ್ನೊಡನೆ ಮಾತಾಡಲಿಲ್ಲ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ. ನನಗೆ ಬಹಳ ನೋವಾಯಿತು, ನಾಚಿಕೆಯೂ ಆಯಿತು. ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ, ತಪ್ಪು ನನ್ನದು. ಆದರೆ ಮಾನ್ಯರೇ, ಅರ್ಧ ಮಾತ್ರ ನನ್ನದು. ಉಳಿದರ್ಧವನ್ನು ತಮ್ಮ ಕಚೇರಿಗೆ ತಲುಪಿಸಲೆಂದೇ ಈ ಪತ್ರ.

ಸದಸ್ಯರಿಗೆ ಮತ ಏಕೆ ಕೊಡಲಾಗದು ಎಂದು ತಮ್ಮ ಕಚೇರಿ ಅಕ್ಕನಿಗೆ ಹಿಂದೊಮ್ಮೆ ಬರೆದ ಉತ್ತರ ನನ್ನ ಮುಂದಿದೆ. ‘ತಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂದು ಶುರುವಾಗುತ್ತದೆ. ಗಮನಿಸಲಾಗಿದೆ ಅಂದರೆ ಮರೆಯಲಾಗಿದೆ ಎಂದು ಅರ್ಥ, ಅದು ನಮಗೂ ಗೊತ್ತು. ಮುಂದೆ ಹೇಳುತ್ತೀರಿ, ಅಧ್ಯಕ್ಷರ ಆಯ್ಕೆಗೆ ಅನುಭವ ಮತ್ತು ವಿವೇಚನೆ ಬೇಕು, ಸಾಮಾನ್ಯ ಸದಸ್ಯರು ಭಾವಾವೇಶಕ್ಕೆ ಒಳಗಾಗಬಹುದು. ಇರಬಹುದು. ಆದರೆ ಚುನಾವಣೆ ಬಂದಾಗ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ನಾವು ಏನು ಹೇಳುತ್ತೇವೆ? ನಿಮ್ಮ ಮತ ಅಮೂಲ್ಯ, ದೇಶದ ಭವಿಷ್ಯ ನಿಮ್ಮ ಕೈಯಲ್ಲಿದೆ, ನೀವು ಪ್ರಬುದ್ಧರು. ಹಾಗೆಂದು ತಾವೇ ಅಚ್ಚು ಹಾಕಿಸಿ ಕಳಿಸಿದ ಚೀಟಿಗಳನ್ನು ಹಂಚಿದವರು ನಾವು. ದೇಶ ನಡೆಸುವವರನ್ನು ಆರಿಸುವಷ್ಟು ಪ್ರಬುದ್ಧನಾದ ಅದೇ ಮನುಷ್ಯ ನಮ್ಮ ಪಕ್ಷದ ಕಾರ್ಡು ತೆಗೆದುಕೊಂಡ ಕೂಡಲೇ ಅವನ ಬುದ್ಧಿ ಎಲ್ಲಿ ಹೋಗುತ್ತದೆ? ಕಾರ್ಡಿಗೆ ಫೋಟೊ ತೆಗೆಯುವವನಾಗಿ ಹೇಳುತ್ತೇನೆ, ನನ್ನ ಫ್ಲ್ಯಾಶ್ ಬೆಳಕಿಗೆ ಕಣ್ಣು ಮುಚ್ಚಿದವರಿದ್ದಾರೆ, ಬುದ್ಧಿ ಕಳೆದುಕೊಂಡೆವೆಂದು ಇದುವರೆಗೆ ಯಾರೂ ದೂರಿಲ್ಲ.

ಮತ ಕೊಟ್ಟರೆ ಗುಂಪುಗಾರಿಕೆ ಹೆಚ್ಚುತ್ತದೆ ಎಂದೂ ಇದೆ. ಹನ್ನೊಂದು ಮಂದಿ ಹಿರಿಯರಲ್ಲಿ ಗುಂಪೇ ಇಲ್ಲವೇ? ಕಳೆದ ಸಲ ಒಳಕೋಣೆಯ ಬಾಗಿಲು ತೆರೆಯುವುದಕ್ಕೆ ಒಂಬತ್ತು ದಿನ ಹಿಡಿಯಿತಲ್ಲ, ಅಷ್ಟು ದಿನ ಅವರು ಪರಸ್ಪರ ಹೊಗಳಿಕೊಳ್ಳುತ್ತಿದ್ದರೇ? ಬಾಗಿಲು ಮುಚ್ಚಿಕೊಂಡು ಜಗಳವಾಡಿದರೆ ಅದು ಸಮಾಲೋಚನೆ, ನಾವು ಬಾಗಿಲು ತೆರೆದುಕೊಂಡು ಮಾತಾಡಿದರೆ ಗುಂಪುಗಾರಿಕೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ನಿಜ. ನಮ್ಮ ಪಕ್ಷದಲ್ಲಿ ಮಾತ್ರ ಕೆಸರಿನ ವಿಭಾಗ ಬೇರೆ, ಮೊಸರಿನ ವಿಭಾಗ ಬೇರೆ.

ತಮ್ಮ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಸದಸ್ಯರು ತಪ್ಪು ಆಯ್ಕೆ ಮಾಡಬಹುದು. ಖಂಡಿತ ಮಾಡುತ್ತೇವೆ. ಬಟ್ಟೆ ಒಗೆಯುವವರೂ ಮಾಡಿದ್ದರು. ಒಂದು ವರ್ಷ ಮಾತಿನಮಲ್ಲಿಯೊಬ್ಬಳನ್ನು ಭಾರಿ ಬಹುಮತದಿಂದ ಆರಿಸಿದರು. ಅವಳು ಹಬೆಯ ಹತ್ತಿರಕ್ಕೇ ಬರುತ್ತಿರಲಿಲ್ಲ, ಕಿಟಕಿಯ ಪಕ್ಕ ನಿಂತು ಎಲ್ಲರಿಗೂ ಸಲಹೆ ಕೊಡುತ್ತಿದ್ದಳು. ಎಲ್ಲರೂ ತಮ್ಮನ್ನು ತಾವೇ ಬೈದುಕೊಂಡು ಒಂದು ವರ್ಷ ಸಹಿಸಿಕೊಂಡರು, ಮುಂದಿನ ವರ್ಷ ದಿಂಬಿನ ಕವರಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಚೀಟಿ. ಅದು ಅವಳದ್ದೇ ಎಂದು ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತಂತೆ. ನಾವು ಮಾಡಿದ ತಪ್ಪನ್ನು ನಾವೇ ತಿದ್ದುತ್ತೇವೆ. ತಾವು ಮಾಡಿದ ತಪ್ಪಿಗೆ ನಾವು ಏನು ಮಾಡಬೇಕು? ಇದುವರೆಗೆ ಅದನ್ನೂ ಕೈ ಎತ್ತಿ ಅನುಮೋದಿಸಿದ್ದೇವೆ.

ಹೊಸ ಅಧ್ಯಕ್ಷರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಒಳ್ಳೆಯವರೆಂದು ಕೇಳಿದ್ದೇನೆ. ಚುನಾವಣೆ ನಡೆದಿದ್ದರೆ ನಾನು ಅವರಿಗೇ ಮತ ಹಾಕುತ್ತಿದ್ದೆನೋ ಏನೋ. ಅಕ್ಕನೂ ಹಾಕುತ್ತಿದ್ದಳೇನೋ. ಪಾಪ, ಅದನ್ನು ತಿಳಿದುಕೊಳ್ಳುವ ಭಾಗ್ಯ ಅವರಿಗೂ ಇಲ್ಲ. ಸತ್ತವರೂ ಎದುರು ಪಕ್ಷದವರೂ ಕೈ ಎತ್ತಿದ ಚಿತ್ರ ಬಿಟ್ಟರೆ ತಮ್ಮ ಬೆನ್ನಿಗೆ ಎಷ್ಟು ಜನ ಇದ್ದಾರೆಂದು ಹೇಳುವ ಬೇರೊಂದು ಕಾಗದ ಅವರ ಹತ್ತಿರವೂ ಇಲ್ಲ.

ಇಪ್ಪತ್ತನಾಲ್ಕನೆಯ ದಿನ ನಾನು ಬಿಸ್ಕತ್ತಿನ ಡಬ್ಬವನ್ನು ಮತ್ತೆ ತೆಗೆದೆ. ಆ ಎರಡನೆಯ ಚಿತ್ರದ ಪಕ್ಕದಲ್ಲೇ, ಅದೇ ನೆಗೆಟಿವ್ ಪಟ್ಟಿಯಲ್ಲಿ, ಮೊದಲನೆಯದು ಇತ್ತು. ನಲವತ್ತು ಎತ್ತಿದ ಕೈ, ನಡುವೆ ಮಡಿಲಲ್ಲಿ ಕೈಯಿಟ್ಟುಕೊಂಡ ಅಕ್ಕ. ಹದಿನೇಳು ವರ್ಷದಲ್ಲಿ ಅದನ್ನು ನಾನು ಒಂದು ಸಲವೂ ಅಚ್ಚು ಹಾಕಿರಲಿಲ್ಲ. ಕೆಟ್ಟ ಚಿತ್ರ ಎಂದು ಬಿಟ್ಟಿದ್ದೆ. ದೊಡ್ಡದಾಗಿ ಅಚ್ಚು ಹಾಕಿ, ಮದುಮಕ್ಕಳ ಚಿತ್ರಗಳನ್ನೆಲ್ಲ ತೆಗೆದು, ಸ್ಟುಡಿಯೊದ ಮುಂದಿನ ಗಾಜಿನೊಳಗೆ ಅದೊಂದನ್ನೇ ಇಟ್ಟೆ. ಕೆಳಗೆ ತಾರೀಕು ಬರೆದೆ, ಎರಡನೆಯ ಚಿತ್ರಕ್ಕೆ ಅವಳು ಕೈ ಎತ್ತಿದ್ದು ನನ್ನ ಒತ್ತಾಯಕ್ಕೆ ಎಂದೂ ಬರೆದೆ. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಅಂಗಡಿಯವನು ಗಾಜಿಗೆ ಮೂಗು ಒತ್ತಿ ನಿಂತಿದ್ದ. ಆಯ್ತುಬಿಡಿಯವರೂ ಬಂದು ನೋಡಿದರು. “ಇದನ್ನ ಕಳಿಸಿದ್ರೆ ಆಗ್ತಿತ್ತು ಅಲ್ವಾ,” ಅಂದರು. ಮೊನ್ನೆಯವರೆಗೆ ಹತ್ತು ಜನ ತಮ್ಮ ಹೆಸರನ್ನು ಮತ್ತೆ ಬರೆಸಿದ್ದಾರೆ. ಇನ್ನೂರ ಮೂರಾಯಿತು.

ಈ ಪತ್ರವನ್ನು ಮೊದಲು ಪಕ್ಷದ ಪತ್ರಿಕೆಗೇ ಕಳಿಸಿದ್ದೆ. ಸ್ಥಳಾವಕಾಶದ ಕೊರತೆ ಎಂದು ವಾಪಸು ಬಂತು. ಮುಖಪುಟದಲ್ಲಿ ಆರು ಜನ ಸತ್ತವರಿಗೆ ಜಾಗ ಸಿಕ್ಕಿತು, ಬದುಕಿರುವ ಒಬ್ಬಳಿಗೆ ಒಳಪುಟದಲ್ಲೂ ಸಿಗಲಿಲ್ಲ. ಆದ್ದರಿಂದ ಊರಿನ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದೇನೆ, ಆ ಮೊದಲನೆಯ ಚಿತ್ರವನ್ನೂ ಜೊತೆಗಿಟ್ಟಿದ್ದೇನೆ.

ನಾನು ಕೇಳುವುದು ಇಷ್ಟು. ಈ ಚಿತ್ರವನ್ನು ಪಕ್ಷದ ಪತ್ರಿಕೆಯ ಮುಖಪುಟದಲ್ಲಿ, ಅಷ್ಟೇ ದೊಡ್ಡದಾಗಿ ಅಚ್ಚು ಹಾಕಿ, ಆದದ್ದು ಏನೆಂದು ಕೆಳಗೆ ಬರೆಯಿರಿ. ಮುಂದಿನ ಸಲ ಅಧ್ಯಕ್ಷರನ್ನು ಆರಿಸುವಾಗ ಪ್ರತಿ ಸದಸ್ಯರಿಗೂ ಒಂದು ಚೀಟಿ ಕೊಡಿ. ಗುಟ್ಟಾಗಿ ಬರೆಯುತ್ತೇವೆ, ಬಹಿರಂಗವಾಗಿ ಎಣಿಸಿ. ಪೆಟ್ಟಿಗೆಗೆ ತೊಂದರೆಯಾದರೆ ತಿಳಿಸಿ, ದಿಂಬಿನ ಕವರು ನಾವು ಕಳಿಸುತ್ತೇವೆ.

ನಿನ್ನೆ ಸಂಜೆ ಅಕ್ಕ ಸ್ಟುಡಿಯೊಗೆ ಬಂದಳು. ಗಾಜಿನ ಹೊರಗೆ ನಿಂತು ತನ್ನನ್ನು ತಾನೇ ನೋಡಿಕೊಂಡಳು. ಒಳಗೆ ಬಂದು ಈ ಪತ್ರವನ್ನು ಪೂರ್ತಿ ಓದಿದಳು, ಎರಡು ಕಡೆ ನಕ್ಕಳು, ಪಾತ್ರೆಗಳ ಮಾತಿನ ಹತ್ತಿರ ಹುಬ್ಬು ಗಂಟು ಹಾಕಿದಳು. ಆಮೇಲೆ ಚೀಲದಿಂದ ಮನವಿಯ ಹಾಳೆಗಳನ್ನು ತೆಗೆದು ಕೌಂಟರಿನ ಮೇಲಿಟ್ಟಳು.

“ಎಲ್ಲರಿಗಿಂತ ಮೊದಲು ನಿನ್ನ ಹತ್ತಿರ ತಂದಿದ್ದೆ. ಕೈಗೆ ಗಮ್ಮು ಅಂಟಿದೆ, ಆಮೇಲೆ ಹಾಕ್ತೀನಿ ಅಂತ ನೀನು ಅಂದಿದ್ದೆ. ಎಂಟು ತಿಂಗಳಾಯ್ತು.”

ಅದು ನಿಜ. ಶಾಖೆಯವರೆಲ್ಲ ನನ್ನ ಅಂಗಡಿಗೆ ಬರುವವರು, ಯಾರ ಮನಸ್ಸಿಗೂ ನೋವಾಗದಿರಲಿ ಎಂದು ಜಾರಿಕೊಂಡಿದ್ದೆ. ಅಕ್ಕ ಪೆನ್ನು ಮುಂದೆ ಹಿಡಿದಳು. ನಾನು ಸಹಿ ಹಾಕಿದೆ. ಅವಳು ಬೆರಳಿಟ್ಟು ಎಣಿಸಿ, “ಇನ್ನೂ ಮೂರು ಬೇಕು, ಮಹಾಧಿವೇಶನಕ್ಕೆ ಮನವಿ ಕಳಿಸೋಕೆ ಹನ್ನೆರಡು ದಿನ ಇದೆ. ಅಂಗಡಿ ಬೀಗ ಹಾಕ್ಕೊಂಡು ಬಾ, ನನ್ನ ಮಂಡಿಗೆ ಇನ್ನು ಮೆಟ್ಟಿಲು ಹತ್ತೋಕಾಗಲ್ಲ, ನೀನು ಹತ್ತು,” ಅಂದಳು. ಬೀಗ ಹಾಕಿಕೊಂಡು ಹೊರಟೆ.

ಇಂತಿ,
ಒಂದು ಸಲವೂ ಕೈ ಎತ್ತದೆ ಎಲ್ಲರ ಕೈ ಎತ್ತಿಸಿದವನು,
ಮನವಿಗೆ ಇನ್ನೂರ ನಾಲ್ಕನೆಯವನಾಗಿ ಸಹಿ ಹಾಕಿದ
ಅವಳ ತಮ್ಮ